ಸಹಾಯ ಬೇಕು: ಅಮ್ಮನ ಫೋನಿಗೆ ಬಿಡುವೇ ಇಲ್ಲ

ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ಲ್ಯಾಂಡ್‌ಲೈನ್ ತೆಗೆಸಿಲ್ಲ. ಈಗ ಅದರದೇ ಕಾಟ. ಬೆಳಿಗ್ಗೆ ಸಾಲ ಬೇಕೇ ಎಂದು ಒಬ್ಬ. ಮಧ್ಯಾಹ್ನ ‘ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡುತ್ತೇವೆ’ ಎಂದು ಇನ್ನೊಬ್ಬ. ಅಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದರೂ ಅಮ್ಮನ ಕೈನಡುಕ ನಿಲ್ಲಲಿಲ್ಲ. ಅಂಗಳಕ್ಕೆ ಆನೆ ಬಂದಾಗಲೂ ಹೆದರದವರು ಇವರು!

ಜಾಹೀರಾತಿನ ಕರೆ ಬೇಡವೆಂದು 1909 ನಂಬರಿನಲ್ಲಿ ನೋಂದಾಯಿಸಿದ್ದೇವೆ, ಅಂಥ ಕರೆಗಳು ಕಡಿಮೆಯಾದವು, ವಂಚಕರಿಗೆ ಅದ್ಯಾವ ಲೆಕ್ಕ? ಹಣವೇನೂ ಹೋಗಿಲ್ಲ. ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕೆಂದು ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಟ್ಟಿದ್ದೇನೆ.

ಗೊತ್ತಿರುವ ನಂಬರುಗಳ ಕರೆಯನ್ನು ಮಾತ್ರ ಒಳಬಿಡುವ ಉಪಕರಣವನ್ನು ಲ್ಯಾಂಡ್‌ಲೈನಿಗೆ ಯಾರಾದರೂ ಹಾಕಿಸಿದ್ದೀರಾ? ಮಡಿಕೇರಿ, ಕುಶಾಲನಗರದಲ್ಲಿ ಸಿಗುತ್ತದೆಯೇ? ನಂಬರ್ ಬದಲಿಸಿ ಎನ್ನಬೇಡಿ; ನೆಂಟರಿಗೆಲ್ಲ ಅದೇ ಬಾಯಿಪಾಠವಾಗಿದೆ.