ಕ್ರೂಸ್ ಕಂಟ್ರೋಲ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಜಿನ್, ತುಕ್ಕು, ಟೈರು ಎಲ್ಲ ಸಲೀಸಾಗಿ ಮುಗಿಯಿತು. ಎಲೆಕ್ಟ್ರಾನಿಕ್ ಭಾಗಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ. ಪೆಡಲ್ ಒತ್ತದೆಯೇ ಗಾಡಿಯ ವೇಗವನ್ನು ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಕೈಕೊಡುವುದರ ಬಗ್ಗೆಯೇ ಆರು ಪುಟ ಇದೆ. ಒಂದು ಪದವೂ ಕೂರುತ್ತಿಲ್ಲ. ನಾಳೆ ಸಂಜೆ ಪುಟ ಕಟ್ಟುವವರಿಗೆ ಫೈಲು ಕೊಡಬೇಕು.

ಕಂಪ್ಯೂಟರ್ ಅನುವಾದಕ್ಕೆ ಹಾಕಿ ನೋಡಿದೆ. ‘ವಿಹಾರ ನಿಯಂತ್ರಣ’ ಎಂದಿತು. ಕೋಸ್ಟ್ ಅನ್ನುವ ಗುಂಡಿಗೆ ‘ಕರಾವಳಿ’. ಕ್ಲಾಕ್ ಸ್ಪ್ರಿಂಗ್‌ಗೆ ‘ಗಡಿಯಾರ ವಸಂತ’. ‘ಕರಾವಳಿ ಒತ್ತಿದರೆ ವೇಗ ಇಳಿಯುತ್ತದೆ’ ಎಂದು ಓದಿ ಒಬ್ಬಳೇ ಕೂತು ನಕ್ಕೆ. ಆಮೇಲೆ ಗಡುವು ನೆನಪಾಯಿತು.

ಸದ್ಯಕ್ಕೆ ‘ವೇಗ ನಿಯಂತ್ರಣ’ ಅಂತ ಬರೆದಿಟ್ಟಿದ್ದೇನೆ. ಆದರೆ ಅದೇ ಕೈಪಿಡಿಯಲ್ಲಿ ಸ್ಪೀಡ್ ಗವರ್ನರ್ ಕೂಡ ಬರುತ್ತದೆ. ಅದಕ್ಕೆ ವೇಗ ನಿಯಂತ್ರಕ ಅನ್ನುವ ಹೆಸರು ಆಗಲೇ ಬಳಕೆಯಲ್ಲಿದೆ. ಅದು ವೇಗ ಒಂದು ಮಿತಿ ದಾಟದ ಹಾಗೆ ತಡೆಯುತ್ತದೆ. ಕ್ರೂಸ್ ಕಂಟ್ರೋಲ್ ಇಟ್ಟ ವೇಗವನ್ನು ಹಾಗೇ ಉಳಿಸುತ್ತದೆ. ಎರಡಕ್ಕೂ ಒಂದೇ ಹೆಸರಾದರೆ ಓದುವವರ ಗತಿ ಏನು?

ಮಾದರಿಗೆ ಒಂದು ವಾಕ್ಯ: ‘ಕ್ರೂಸ್ ಕಂಟ್ರೋಲ್ ಕೆಲಸ ಮಾಡದಿದ್ದರೆ ಬ್ರೇಕ್ ಪೆಡಲ್ ಒತ್ತಿ, ಹಿಂದಿನ ಬ್ರೇಕ್ ದೀಪ ಹತ್ತುತ್ತದೆಯೇ ನೋಡಿ, ಹತ್ತಿದರೆ ಪೆಡಲ್ಲಿನ ಸ್ವಿಚ್ ಸರಿ ಇದೆ.’ ಇದರ ಮೊದಲ ಎರಡು ಪದದ ಜಾಗಕ್ಕೆ ಏನಾದರೂ ಕೊಡಿ.

ಹಾಗೇ ಇನ್ನೊಂದು. ‘ಪಿಕಪ್’ ಅಂತಲೇ ಬಿಡಬಹುದಾ?

* * *

ಮರು: ಕ್ರೂಸ್ ಕಂಟ್ರೋಲ್

> ‘ವೇಗ ನಿಯಂತ್ರಣ’ ಅಂತ ಬರೆದಿಟ್ಟಿದ್ದೇನೆ

ಬೇಡ. ವೇಗಹಿಡಿಕ. ಇದಕ್ಕೆ ಚರ್ಚೆ ಯಾಕೆ ಬೇಕು?

* * *

ಮರು: ಕ್ರೂಸ್ ಕಂಟ್ರೋಲ್

> ವೇಗಹಿಡಿಕ

ಅರಿಸಮಾಸ.

* * *

ಮರು: ಕ್ರೂಸ್ ಕಂಟ್ರೋಲ್

> ಅರಿಸಮಾಸ.

ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು ತಪ್ಪು ಅಂತ ಅಷ್ಟು ಹೇಳಿಬಿಟ್ಟರೆ ಪದ ಸತ್ತುಹೋಗುತ್ತಾ ಮೇಷ್ಟ್ರೇ? ಬಿರುದಾವಳಿಗೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ರಿಯಾಯಿತಿ ಕೊಟ್ಟಿದ್ದಾನೆ. ರಾಜನ ಬಿರುದಿಗೆ ಇರುವ ರಿಯಾಯಿತಿ ಗಾಡಿಯ ಬಿಡಿಭಾಗಕ್ಕೆ ಯಾಕಿಲ್ಲ?

ಸರಿ, ನಿಮಗೆ ‘ವೇಗ’ವೇ ಅಡ್ಡಿಯಾದರೆ ಅದನ್ನೂ ತೆಗೆಯುತ್ತೇನೆ. ಓಟನಿಲುಕ. ಓಟ ನಮ್ಮದು, ನಿಲ್ ನಮ್ಮದು. ಓಟವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವುದು ಓಟನಿಲುಕ. ಇನ್ನೇನು ತಕರಾರು?

* * *

ಮರು: ಕ್ರೂಸ್ ಕಂಟ್ರೋಲ್

ನಾನು ವ್ಯಾಕರಣ ಓದಿದವನಲ್ಲ. 18 ವರ್ಷದಿಂದ ಗಾಡಿಗಳ ವೈರಿಂಗ್ ಬಿಚ್ಚುತ್ತಿದ್ದೇನೆ. ಈ ಗುಂಪಿನಲ್ಲಿ ಸುಮ್ನೆ ಓದಿಕೊಂಡು ಇರುತ್ತೇನೆ. ಇವತ್ತು ಬಾಯಿ ತಡೆಯಲಿಲ್ಲ.

ಓಟನಿಲುಕ ಅಂದರೆ ನನ್ನ ಕಿವಿಗೆ ಬ್ರೇಕ್ ಅಂತಲೇ ಬೀಳುತ್ತದೆ. ‘ಸ್ಪೀಡು ನಿಲ್ತಾ ಇಲ್ಲ’ ಅಂತ ಒಬ್ಬ ಡ್ರೈವರ್ ಗಾಡಿ ತಂದರೆ ಅದಕ್ಕೆ ಎರಡು ಅರ್ಥ ಇದೆ. ಕ್ರೂಸ್ ವೇಗವನ್ನು ಉಳಿಸಿಕೊಳ್ಳುತ್ತಿಲ್ಲ ಅಂತ ಒಂದು. ಬ್ರೇಕ್ ಹಿಡಿಯುತ್ತಿಲ್ಲ ಅಂತ ಇನ್ನೊಂದು. ನಾನಂತೂ ಮೊದಲು ಬ್ರೇಕ್ ನೋಡ್ತೀನಿ. ಇಂಥ ಪದವನ್ನು ಗಾಡಿಯ ಕೈಪಿಡಿಗೆ ಹಾಕಬೇಡಿ ಮೇಡಂ.

ನಾವು ಹೇಳುವುದು ಬರೀ ‘ಕ್ರೂಸ್’. ಕಂಟ್ರೋಲ್ ಅನ್ನುವ ಬಾಲ ಯಾರೂ ಹಚ್ಚಲ್ಲ. ‘ಕ್ರೂಸ್ ಹಿಡೀತಿಲ್ಲ’, ‘ಹತ್ತು ನಿಮಿಷ ಹಿಡಿದು ಬಿಟ್ಟುಬಿಡುತ್ತೆ’, ‘ಕ್ರೂಸಿಗೆ ಕರೆಂಟ್ ಬರ್ತಿಲ್ಲ’. ಇಷ್ಟೇ ಮಾತು.

ಪದಕ್ಕಿಂತ ನಿಮ್ಮ ವಾಕ್ಯವೇ ನನಗೆ ಜಾಸ್ತಿ ತೊಂದರೆ ಕೊಡ್ತಿದೆ. ದೀಪ ಹತ್ತಿದರೆ ಸ್ವಿಚ್ ಸರಿ ಇದೆ ಅಂತ ಬರೆದಿದ್ದೀರಿ. ಮೂಲದಲ್ಲಿ ಹಾಗಿದ್ದರೆ ಮೂಲವೇ ಅರ್ಧ ಹೇಳಿದೆ. ಬ್ರೇಕ್ ಒತ್ತಿದರೆ ಕ್ರೂಸ್ ಬಿಡಬೇಕು, ಒತ್ತಿದ್ದನ್ನು ಅದಕ್ಕೆ ತಿಳಿಸುವುದು ಈ ಸ್ವಿಚ್. ತುಂಬ ಗಾಡಿಗಳಲ್ಲಿ ಆ ಒಂದೇ ಸ್ವಿಚ್ಚಿನ ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ದೀಪಕ್ಕೆ, ಇನ್ನೊಂದು ಕಂಪ್ಯೂಟರಿಗೆ. ದೀಪದ್ದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ಆಗ ದೀಪ ಚೆನ್ನಾಗಿ ಉರಿಯುತ್ತದೆ, ಕ್ರೂಸ್ ಮಾತ್ರ ಹಿಡಿಯಲ್ಲ. ಸ್ಕ್ಯಾನರ್ ಹಾಕಿದರೆ ಪಿ0571 ಅನ್ನುವ ದೋಷದ ಕೋಡ್ ಬರಬಹುದು. ಎರಡು ಕಾಂಟ್ಯಾಕ್ಟ್ ಎರಡು ಬೇರೆ ಕಥೆ ಹೇಳಿದರೆ ಪಿ0504.

ಇನ್ನೊಂದು ಮೋಜು ಇದೆ. ಹಳೆ ಪಿಕಪ್‌ಗಳಲ್ಲಿ ಕೆಲವು, ಬ್ರೇಕ್ ಬಲ್ಬಿನ ಒಳಗಿನ ತಂತಿಯ ಮೂಲಕವೇ ಅರ್ಥ್ ಸಿಗುತ್ತಿದೆಯಾ ಅಂತ ನೋಡಿಕೊಳ್ಳುತ್ತವೆ. ಮಾಲೀಕ ಜೋರಾಗಿ ಹೊಳೆಯಲಿ ಅಂತ ಎಲ್‌ಇಡಿ ಹಾಕಿಸಿರುತ್ತಾನೆ. ಅವತ್ತಿನಿಂದ ಕ್ರೂಸ್ ಇಲ್ಲ. ಮಾಡ್ಯೂಲ್ ಬದಲಾಯಿಸಿ, ಗುಂಡಿ ಬದಲಾಯಿಸಿ, ಕೊನೆಗೆ ಗಾಡಿಯನ್ನೇ ಮಾರಿಬಿಡುತ್ತಾರೆ. ಹಳೆ ಬಲ್ಬ್ ಹಾಕಿದರೆ ಆಗುವ ಕೆಲಸ. ನೀವು ಪದಕ್ಕೆ ಅರ್ಥ ಹುಡುಕ್ತಿದ್ದೀರಿ, ನಾವು ವೈರಿಗೆ ಅರ್ಥ್ ಹುಡುಕ್ತೀವಿ. ಎರಡೂ ಸಿಗದಿದ್ದರೆ ಏನೂ ನಡೆಯಲ್ಲ, ಅಲ್ವಾ?

ಹಿಂದೆ ಟ್ರೈಲರ್ ಎಳೆದ ಗಾಡಿಯಾಗಿದ್ದರೆ ಆ ಸಾಕೆಟ್ಟನ್ನು ತಪ್ಪದೆ ನೋಡಲು ಬರೆಯಿರಿ. ನೀರು ಹೋಗಿ ಹಸಿರು ಕಟ್ಟಿರುತ್ತದೆ. ಅಲ್ಲಿಂದ ಬ್ರೇಕ್ ದೀಪದ ವೈರಿಗೆ ಸ್ವಲ್ಪ ಕರೆಂಟ್ ಸೋರಿದರೂ ಸಾಕು. ಯಾರೋ ಬ್ರೇಕ್ ಒತ್ತಿಕೊಂಡೇ ಇದ್ದಾರೆ ಅಂತ ಕ್ರೂಸ್ ಅಂದುಕೊಳ್ಳುತ್ತದೆ.

ಕ್ಲಾಕ್ ಸ್ಪ್ರಿಂಗ್ ಗಡಿಯಾರವೂ ಅಲ್ಲ, ವಸಂತವೂ ಅಲ್ಲ. ಸ್ಟೀರಿಂಗ್ ಒಳಗೆ ಸುತ್ತಿಟ್ಟ ತೆಳ್ಳನೆ ರಿಬ್ಬನ್ ವೈರು. ಚಕ್ರ ತಿರುಗಿಸಿದಾಗ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಸವೆದು ಕಡಿದರೆ ಕ್ರೂಸ್ ಗುಂಡಿಯ ಜೊತೆ ಹಾರನ್ನೂ ಹೋಗಬಹುದು, ಏರ್‌ಬ್ಯಾಗ್ ದೀಪವೂ ಹತ್ತಬಹುದು. ಮೂರೂ ಒಟ್ಟಿಗೆ ಬಂದರೆ ನಾನು ಬೇರೆಲ್ಲೂ ಕೈ ಹಾಕಲ್ಲ. ಏರ್‌ಬ್ಯಾಗ್ ಇರುವ ಜಾಗ, ಬ್ಯಾಟರಿ ಬಿಚ್ಚದೆ ಮುಟ್ಟಬಾರದು ಅಂತ ಒಂದು ಸಾಲು ಸೇರಿಸಿ.

* * *

ಮರು: ಕ್ರೂಸ್ ಕಂಟ್ರೋಲ್

> ‘ಪಿಕಪ್’ ಅಂತಲೇ ಬಿಡಬಹುದಾ?

ಬಿಡಿ. ಆದರೆ ‘ಪಿಕಪ್ ಗಾಡಿ’ ಅಂತ ಬರೆಯಿರಿ. ‘ಪಿಕಪ್‌ನ ದೋಷಗಳು’ ಅಂದರೆ ಎಳೆತ ಕಮ್ಮಿ ಇದೆ ಅಂತಲೇ ಜನ ಓದುತ್ತಾರೆ. ಪಿಕಪ್ ಇಲ್ಲದ ಪಿಕಪ್ ಬೇಕಾದಷ್ಟು ಇವೆ.

* * *

ಮರು: ಕ್ರೂಸ್ ಕಂಟ್ರೋಲ್ (ಬೇರು ನೋಡಿ)

ಯಾರೂ ಬೇರಿಗೆ ಹೋಗದೆ ಕೊಂಬೆ ಕತ್ತರಿಸುತ್ತಿದ್ದೀರಿ. ‘ಕ್ರೂಸ್’ ಬಂದಿದ್ದು ಡಚ್ಚರ ‘ಕ್ರಾಯ್ಸನ್’ನಿಂದ. ಅಡ್ಡಡ್ಡ ಹೋಗುವುದು ಅಂತ ಅರ್ಥ. ‘ಕ್ರಾಯ್ಸ್’ ಅಂದರೆ ಶಿಲುಬೆ. ಹಡಗುಗಳು ಒಂದೇ ಕಡಲಲ್ಲಿ ಅತ್ತಿಂದಿತ್ತ ಅಡ್ಡ ಹಾಯುವುದಕ್ಕೆ ಆ ಮಾತು. ನಮ್ಮಲ್ಲಿ ಇದಕ್ಕೆ ಸಾಟಿಯಾದ ಪದ ಸಾವಿರ ಸಲ ಬಾಯಲ್ಲಿ ಬಂದಿದೆ: ಅಡ್ಡಾಡು. ಅಡ್ಡ + ಆಡು. ಇದಕ್ಕಿಂತ ಚೆಂದದ ಹೊಂದಿಕೆ ಇನ್ನೆಲ್ಲಿ ಸಿಗುತ್ತದೆ?

‘ಕಂಟ್ರೋಲ್’ ಅನ್ನುವುದೂ ಮೊದಲು ಹಿಡಿತ ಅಲ್ಲ. ಲೆಕ್ಕ ತಾಳೆ ನೋಡಲು ಇಟ್ಟ ಎರಡನೇ ಸುರುಳಿ, ಪ್ರತಿ ಪಟ್ಟಿ. ಯೋಚಿಸಿದರೆ ಈ ಯಂತ್ರ ಮಾಡುವುದೂ ಅದನ್ನೇ. ಇಟ್ಟ ವೇಗ ಎಷ್ಟು, ಈಗಿನ ವೇಗ ಎಷ್ಟು ಅಂತ ತಾಳೆ ನೋಡುತ್ತಲೇ ಇರುತ್ತದೆ. ಆದ್ದರಿಂದ ‘ಅಡ್ಡಾಟದ ತಾಳೆ’. ಚಿಕ್ಕದಾಗಿ ‘ಅಡ್ಡತಾಳೆ’.

* * *

ಮರು: ಕ್ರೂಸ್ ಕಂಟ್ರೋಲ್ (ಬೇರು ನೋಡಿ)

> ಅಡ್ಡಾಡು

ಕ್ರೂಸ್ ಹಾಕಿದ ಗಾಡಿ ಅಡ್ಡಾಡಬಾರದು ಸ್ವಾಮಿ. ನೆಟ್ಟಗೆ ಹೋಗಬೇಕು.

* * *

ಮರು: ಕ್ರೂಸ್ ಕಂಟ್ರೋಲ್ (ಬೇರು ನೋಡಿ)

ಬೇರು ಹುಡುಕುವುದೇ ದಂಡ. ಆ ಹೆಸರಿಗೆ ಅಂಥ ಪಾವಿತ್ರ್ಯ ಏನೂ ಇಲ್ಲ. ಇದನ್ನು ಕಂಡುಹಿಡಿದ ರಾಲ್ಫ್ ಟೀಟರ್ ಕಣ್ಣು ಕಾಣದ ಎಂಜಿನಿಯರ್. ಚಿಕ್ಕಂದಿನಲ್ಲೇ ದೃಷ್ಟಿ ಹೋಗಿತ್ತು. ಪಕ್ಕದಲ್ಲಿ ಕೂತಾಗ ಗಾಡಿಯ ವೇಗ ಏರಿಳಿಯುವುದು ಅವರ ಮೈಗೇ ಗೊತ್ತಾಗುತ್ತಿತ್ತು. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ. ಅವರು ಇಟ್ಟ ಹೆಸರುಗಳಲ್ಲಿ ‘ಸ್ಪೀಡೋಸ್ಟ್ಯಾಟ್’ ಒಂದು. 1958ರಲ್ಲಿ ಕ್ರೈಸ್ಲರ್ ಇದನ್ನು ಮಾರುಕಟ್ಟೆಗೆ ತಂದಾಗ ‘ಆಟೋ ಪೈಲಟ್’ ಅಂದಿತು. ‘ಕ್ರೂಸ್ ಕಂಟ್ರೋಲ್’ ಕ್ಯಾಡಿಲಾಕ್ ಇಟ್ಟ ಹೆಸರು. ಅದು ನಿಂತಿತು.

ಸ್ಪೀಡೋಸ್ಟ್ಯಾಟ್ ಉಳಿದಿದ್ದರೆ ಇವತ್ತು ನೀವು ಅಡ್ಡಾಡುತ್ತಿರಲಿಲ್ಲ. ಬಾಳಿದ್ದು ಮಾರಾಟದವರ ಪದ. ಅದರ ಬೇರನ್ನು ಕನ್ನಡಕ್ಕೆ ತಂದು ಏನಾಗಬೇಕಿದೆ? ಯಂತ್ರ ಏನು ಮಾಡುತ್ತದೋ ಅದನ್ನು ಹೇಳಿ. ‘ಸಮವೇಗ’. ಚಿಕ್ಕದು, ಸುಂದರ, ಮೇಷ್ಟ್ರಿಗೂ ಸಿಟ್ಟು ಬರಲ್ಲ.

* * *

ಮರು: ಕ್ರೂಸ್ ಕಂಟ್ರೋಲ್

> ‘ಸಮವೇಗ’. ಚಿಕ್ಕದು, ಸುಂದರ

ಬಂತು ನೋಡಿ. ಇಂಗ್ಲಿಷ್ ಬೇಡ ಅಂತ ಓಡಿ ಸಂಸ್ಕೃತದ ಮಡಿಲಲ್ಲಿ ಕೂರುವುದು. ಅದೂ ಸಾಲವೇ. ಹಳೆ ಸಾಲ ಅಷ್ಟೇ.

* * *

ಮರು: ಸಾಲದ ಮಾತು

ಸಾಲ ತೀರಿಸಲು ಹೊರಟರೆ ಮನೆಯಲ್ಲಿ ಏನೂ ಉಳಿಯಲ್ಲ. ಚಾವಿ ಪೋರ್ಚುಗೀಸ್. ಕುರ್ಚಿ ಅರಬ್ಬಿ. ನೀವು ಮೇಲೆ ಬರೆದ ‘ತಕರಾರು’, ‘ರಿಯಾಯಿತಿ’ ಎರಡೂ ಅಲ್ಲಿಂದಲೇ ಬಂದವು. ಅಚ್ಚಗನ್ನಡಕ್ಕೆ ಜಗಳ ಆಡುವಾಗಲೂ ಅರಬ್ಬಿ ಬೇಕಾಯಿತು.

ಒಂದು ಪದ ಒಳಗೆ ಬಂತೋ ಇಲ್ಲವೋ ಅನ್ನುವುದಕ್ಕೆ ನಾನು ವಿಭಕ್ತಿ ಹಚ್ಚಿ ನೋಡುತ್ತೇನೆ. ಬ್ರೇಕು, ಬ್ರೇಕಿಗೆ, ಬ್ರೇಕಿನ. ಒಳಗೆ ಬಂದಾಯಿತು. ಮೆಕ್ಯಾನಿಕ್ ಗೆಳೆಯರು ‘ಕ್ರೂಸಿಗೆ ಕರೆಂಟ್ ಬರ್ತಿಲ್ಲ’ ಅಂದರಲ್ಲ, ಗಮನಿಸಿದಿರಾ? ‘ಕ್ರೂಸ್‌ಗೆ’ ಅನ್ನಲಿಲ್ಲ. ಕ್ರೂಸಿಗೆ. ಪದ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿದೆ. ಈಗ ಬಾಗಿಲಲ್ಲಿ ನಿಂತು ಹೆಸರು ಕೇಳಿದರೆ ಹೇಗೆ?

* * *

ಮರು: ಸಾಲದ ಮಾತು

> ಒಳಗೆ ಬಂದಾಯಿತು

ನಿಮ್ಮ ಮನೆಗೆ.

* * *

ಮರು: ಕ್ರೂಸ್ ಕಂಟ್ರೋಲ್ (ಮತ್ತೆ ನಾನೇ, ಇನ್ನೊಂದು ಪದ)

ಕೇಳಿದವಳು ನಾನು. ಸಾಲದ ಜಗಳ ನಾಡಿದ್ದು ಆಡೋಣ, ದಯವಿಟ್ಟು. ಇನ್ನೊಂದು ಕಗ್ಗಂಟು ಇದೆ. ಫೋರ್ಡ್ ಗಾಡಿಗಳ ಬಗ್ಗೆ ಬರೆದ ಕಡೆ ‘ಡಿಆಕ್ಟಿವೇಶನ್ ಸ್ವಿಚ್’ ಬರುತ್ತದೆ. ‘ನಿಷ್ಕ್ರಿಯಕಾರಿ ಸ್ವಿಚ್’ ಅಂತ ಹಾಕಿದ್ದೇನೆ. ಓದಲು ನನಗೇ ಹೆದರಿಕೆ.

* * *

ಮರು: ಕ್ರೂಸ್ ಕಂಟ್ರೋಲ್ (ಇನ್ನೊಂದು ಪದ)

> ನಿಷ್ಕ್ರಿಯಕಾರಿ ಸ್ವಿಚ್

ರೂಪ ಸರಿಯಿದೆ.

* * *

ಮರು: ಕ್ರೂಸ್ ಕಂಟ್ರೋಲ್ (ಇನ್ನೊಂದು ಪದ)

ರೂಪ ಸರಿಯಿರಬಹುದು ಮೇಷ್ಟ್ರೇ. ಗಾಡಿ ಸುಟ್ಟುಹೋಗುತ್ತದೆ.

ತಮಾಷೆಗೆ ಹೇಳ್ತಿಲ್ಲ. ಆ ಸ್ವಿಚ್ಚಿನ ಒಂದು ಬದಿ ಬ್ರೇಕ್ ಆಯಿಲ್, ಇನ್ನೊಂದು ಬದಿ ಕರೆಂಟ್. ನಡುವೆ ಇರುವುದು ತೆಳ್ಳನೆ ಪದರ. ಬ್ರೇಕ್ ಜೋರಾಗಿ ಒತ್ತಿದಾಗ ಆ ಒತ್ತಡಕ್ಕೆ ಸ್ವಿಚ್ ಕ್ರೂಸನ್ನು ಬಿಡಿಸಬೇಕು. ವರ್ಷಗಳಾದ ಮೇಲೆ ಪದರ ಬಿರುಕು ಬಿಟ್ಟು ಆಯಿಲ್ ಆಚೆ ಬದಿಗೆ ಸೋರುತ್ತದೆ. ಅಲ್ಲಿ ಕರೆಂಟ್ ಯಾವಾಗಲೂ ಇರುತ್ತಿತ್ತು. ಕೀ ತೆಗೆದು ಗಾಡಿ ನಿಲ್ಲಿಸಿ ಮಲಗಿದ ಮೇಲೂ ಇರುತ್ತಿತ್ತು. ಹಾಗಾಗಿ ನಿಂತ ಗಾಡಿಗೇ ಬೆಂಕಿ ಹತ್ತಿದ್ದುಂಟು. 1999ರಿಂದ 2009ರವರೆಗೆ ಫೋರ್ಡಿನವರು ರಿಪೇರಿಗೆ ಅಂತ ಕಂತು ಕಂತಾಗಿ ಗಾಡಿಗಳನ್ನು ವಾಪಸ್ ಕರೆಸಿದರು. ಒಟ್ಟು ಒಂದು ಕೋಟಿಗೂ ಜಾಸ್ತಿ. 2009ರ ಅಕ್ಟೋಬರಿನದೇ ಸುಮಾರು 45 ಲಕ್ಷ. ಎಫ್-150 ಪಿಕಪ್ ಕೂಡ ಆ ಸಾಲಿನಲ್ಲಿತ್ತು.

ಈಗ ಹೇಳಿ. ‘ನಿಷ್ಕ್ರಿಯ’ ಅಂತ ಓದಿದವನು ಏನಂದುಕೊಳ್ಳುತ್ತಾನೆ? ಸತ್ತ ಸ್ವಿಚ್, ನನಗೆ ಸಂಬಂಧ ಇಲ್ಲ ಅಂತ. ಅದು ಸಾಯದೇ ಇದ್ದದ್ದೇ ತೊಂದರೆ. ‘ಕ್ರೂಸ್ ಬಿಡಿಸುವ ಸ್ವಿಚ್’ ಅನ್ನಿ. ಹಳೇ ಗಾಡಿ ಕೊಳ್ಳುವವರು ಆ ರಿಪೇರಿ ಆಗಿದೆಯಾ ಅಂತ ಗಾಡಿಯ ಚಾಸಿ ನಂಬರಿನಿಂದ ಕೇಳಿ ನೋಡಲಿ. ಕ್ರೂಸ್ ಬಳಸದವರೂ ಕೇಳಬೇಕು. ಬಳಸದಿದ್ದರೆ ಕರೆಂಟ್ ಇರಲ್ಲ ಅಂತ ಅಲ್ಲ.

* * *

ಮರು: ಕ್ರೂಸ್ ಕಂಟ್ರೋಲ್ (ಇನ್ನೊಂದು ಪದ)

ಹಿಂತೆಗೆದುಕೊಂಡಿದ್ದೇನೆ. ‘ಬಿಡಿಸುವ’ ಇರಲಿ.

* * *

ಮರು: ಕ್ರೂಸ್ ಕಂಟ್ರೋಲ್ (ಹೀಗೆ ಕಳಿಸುತ್ತಿದ್ದೇನೆ)

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹಿಂದೆ ಸರಿದಿದ್ದನ್ನು ಈ ಗುಂಪಿನಲ್ಲಿ ನಾನು ನೋಡಿದ್ದು ಇದೇ ಮೊದಲು.

ಹೆಸರು ಹುಡುಕುತ್ತಾ ನಾನು ಕ್ರಿಯಾಪದವನ್ನೇ ಮರೆತಿದ್ದೆ. ಕೆಲಸ ಮಾಡುವುದು ‘ಹಿಡಿ’, ‘ಬಿಡು’ ಎರಡೇ. ಆ ಎರಡನ್ನು ಇಟ್ಟುಕೊಂಡರೆ ಆರು ಪುಟವೂ ತಾನಾಗಿ ಕನ್ನಡ ಮಾತಾಡುತ್ತದೆ.

ಮೊದಲ ಸಲ ಬರುವ ಕಡೆ ‘ಕ್ರೂಸ್, ಅಂದರೆ ಇಟ್ಟ ವೇಗವನ್ನು ಬಿಡದೆ ಹಿಡಿದುಕೊಳ್ಳುವ ಏರ್ಪಾಡು’. ಆಮೇಲೆ ಬರೀ ಕ್ರೂಸ್, ಕ್ರೂಸಿಗೆ, ಕ್ರೂಸಿನ. ಗವರ್ನರಿಗೆ ವೇಗ ನಿಯಂತ್ರಕ ಹಾಗೇ ಇರುತ್ತದೆ. ಸೆಟ್ ಅನ್ನುವುದಕ್ಕೆ ‘ಹಿಡಿ’, ಕ್ಯಾನ್ಸಲ್‌ಗೆ ‘ಬಿಡು’, ರೆಸ್ಯೂಮ್‌ಗೆ ‘ಮತ್ತೆ ಹಿಡಿ’. ಕರಾವಳಿ ಹೋಗಿ ‘ಇಳಿಸು’ ಬಂದಿದೆ. ಗಡಿಯಾರ ವಸಂತ ಈಗ ‘ಸ್ಟೀರಿಂಗ್ ಸುರುಳಿ’.

ಬ್ರೇಕ್ ದೀಪದ ವಾಕ್ಯ ತಿದ್ದಿದ್ದೇನೆ: ‘ದೀಪ ಹತ್ತಿತು ಅಂದ ಮಾತ್ರಕ್ಕೆ ಸ್ವಿಚ್ ಸರಿ ಇದೆ ಅಂದುಕೊಳ್ಳಬೇಡಿ.’ ಎಲ್‌ಇಡಿ ಬಲ್ಬು, ಟ್ರೈಲರ್ ಸಾಕೆಟ್ಟು ಅಡಿಟಿಪ್ಪಣಿಗೆ ಹೋಗಿವೆ. ಸ್ಪೀಡೋಮೀಟರ್ ಮುಳ್ಳು ಕುಣಿದರೆ ಅಥವಾ ಸೊನ್ನೆಗೆ ಬಿದ್ದರೆ ವೇಗದ ಸೆನ್ಸರ್ ನೋಡಿ ಅಂತ ಮೂಲದಲ್ಲೇ ಇತ್ತು, ಪಿ0500 ಕೋಡಿನ ಸಮೇತ. ‘ವೇಗದ ಸೆನ್ಸರ್’ ಅರಿಸಮಾಸವೇ ಅಂತ ಯಾರೂ ಕೇಳಬೇಡಿ.

* * *

ಮರು: ಕ್ರೂಸ್ ಕಂಟ್ರೋಲ್ (ಹೀಗೆ ಕಳಿಸುತ್ತಿದ್ದೇನೆ)

ಸಮಾಸವೇ ಅಲ್ಲ. ಷಷ್ಠಿ ಬಿಡಿಯಾಗಿ ನಿಂತಿದೆ.

* * *

ಮರು: ಕ್ರೂಸ್ ಕಂಟ್ರೋಲ್ (ಹೀಗೆ ಕಳಿಸುತ್ತಿದ್ದೇನೆ)

ಒಂದು ನಿಮಿಷ. ಬಟನ್ನಿಗೆ ಎಲ್ಲ ಕಡೆ ‘ಗುಂಡಿ’ ಅಂತ ಹಾಕಿದ್ದೀರಾ? ಗಾಡಿ ಓಡಿಸುವವನಿಗೆ ಗುಂಡಿ ಅಂದರೆ ರಸ್ತೆಯಲ್ಲಿರುವುದು. ‘ಗುಂಡಿ ಸಿಕ್ಕಿದರೆ ಕ್ರೂಸ್ ಬಿಡಿ, ಬಿಡಲು ಗುಂಡಿ ಒತ್ತಿ’ ಅಂತ ಎಲ್ಲಾದರೂ ಬಂದಿದೆಯಾ ನೋಡಿ. ‘ಒತ್ತುಗ’ ಅನ್ನಬಹುದು. ಇದರ ಬೇರು ನೋಡಿದರೆ

* * *

ಮರು: ಕ್ರೂಸ್ ಕಂಟ್ರೋಲ್ (ಹೀಗೆ ಕಳಿಸುತ್ತಿದ್ದೇನೆ)

ನಾಲ್ಕನೇ ಪುಟದಲ್ಲಿ ಹಾಗೇ ಬಂದಿದೆ. ಫೈಲು ಕಳಿಸಿ ಹತ್ತು ನಿಮಿಷ ಆಯಿತು.