ಸಹಾಯ ಬೇಕು: ಗುಂಪು ಪ್ರದರ್ಶನಕ್ಕೆ ಲ್ಯಾಟೆಕ್ಸ್ ಕೃತಿ ತೂಗುಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದೇಹ ಮತ್ತು ಗುರುತನ್ನು ಕುರಿತು ಹೊಸ ಕಲಾವಿದರ ಗುಂಪು ಪ್ರದರ್ಶನವೊಂದನ್ನು ಸಜ್ಜುಗೊಳಿಸುತ್ತಿದ್ದೇವೆ. ಚಿತ್ರ, ಫೋಟೊಗಳ ಚಿಂತೆಯಿಲ್ಲ: ಕೃತಿಯ ನಡುಭಾಗ ನೆಲದಿಂದ 148 ಸೆಂ.ಮೀ. ಎತ್ತರಕ್ಕೆ, ಕಾಗದದ ಕೆಲಸಗಳಿಗೆ 50 ಲಕ್ಸ್ ಬೆಳಕು. ತೊಡಕಿರುವುದು ಬೆನ್ನಿನ ಅಚ್ಚು ತೆಗೆದ ಲ್ಯಾಟೆಕ್ಸ್ (ರಬ್ಬರ್ ಹಾಲು ಒಣಗಿಸಿದ) ಹಾಳೆಯಲ್ಲಿ.

ಹಾಳೆ 2 ಮಿ.ಮೀ. ದಪ್ಪ, 90 ಸೆಂ.ಮೀ. ಉದ್ದ. ಬೆನ್ನುಮೂಳೆಯ ಗಂಟುಗಳು, ಹಳೆಯ ಗಾಯದ ಹೊಲಿಗೆ ಗುರುತು ಕೂಡ ಅದರಲ್ಲಿ ಮೂಡಿವೆ. ಹಿಂದಿನಿಂದ ಬೆಳಕು ಬಿದ್ದರೆ ಚರ್ಮವೇ ಸರಿ. ಮೇಲಂಚಿಗೆ ಎರಡು ಕ್ಲಿಪ್ ಹಾಕಿದರೆ ಭಾರವೆಲ್ಲ ಆ ಎರಡೇ ಕಡೆ ಜಗ್ಗಿ, ಅಂಚು ಹಿಗ್ಗಿ ಹರಿಯುತ್ತದೆ. ತಾಮ್ರ, ಹಿತ್ತಾಳೆ ತಾಗಿಸುವಂತಿಲ್ಲ, ತಾಮ್ರ ರಬ್ಬರನ್ನು ಬೇಗ ಕೆಡಿಸುತ್ತದೆ. ಎಣ್ಣೆಗೈಯೂ ಕೂಡದು. ಬಿಸಿಲು ಬಿದ್ದರೆ ಮೊದಲು ಅಂಟಂಟು, ಆಮೇಲೆ ಗಡಸು. ಅಮೆರಿಕದ ಶಿಲ್ಪಿ ಎವಾ ಹೆಸ್ಸೆ 1960ರ ದಶಕದ ಕೊನೆಯಲ್ಲಿ ಮಾಡಿದ ಲ್ಯಾಟೆಕ್ಸ್ ಕೃತಿಗಳಿಗೂ ಆದದ್ದು ಇದೇ.

ನಮ್ಮ ಯೋಚನೆ: ಮೇಲಂಚಿನ ಹಿಂಬದಿಗೆ ಹತ್ತಿ ಬಟ್ಟೆಯ ಪಟ್ಟಿಯನ್ನು ಲ್ಯಾಟೆಕ್ಸ್‌ನಿಂದಲೇ ಅಂಟಿಸಿ, ಕೊಳವೆಯಂತೆ ಮಡಚಿ, ಒಳಗೆ ಅಕ್ರಿಲಿಕ್ ಕೋಲು ತೂರಿಸುವುದು. ಮಡಿಕೆಯ ಗೆರೆ ಮುಂಬದಿಗೆ ಮೂಡದಿರಲು ಪಟ್ಟಿ ಎಷ್ಟು ಅಗಲವಿರಬೇಕು? ಒಣಗುವಾಗ ಲ್ಯಾಟೆಕ್ಸ್ ಕುಗ್ಗಿ ಅಂಚು ಸುರುಳಿಯಾಗುವುದನ್ನು ತಡೆದವರು ಯಾರಾದರೂ ಇದ್ದೀರಾ?

ಇನ್ನೊಂದು, ಅಚ್ಚಿಗೆ ಮೈ ಕೊಟ್ಟವರ ಒಪ್ಪಿಗೆ ಪತ್ರ. ಪ್ರದರ್ಶನ, ಮುದ್ರಣ, ಜಾಲತಾಣ, ಮಾರಾಟ ಒಂದೊಂದಕ್ಕೂ ಬೇರೆ ಸಹಿ ಇರಬೇಕು, ಒಪ್ಪಿಗೆ ಹಿಂಪಡೆಯುವ ಹಕ್ಕೂ ಇರಬೇಕು. ಗುರುತನ್ನು ಕುರಿತ ಪ್ರದರ್ಶನದಲ್ಲಿ ಇದನ್ನು ಸಡಿಲ ಬಿಡುವುದು ತಪ್ಪು. ಬಳಸಿ ನೋಡಿದ ನಮೂನೆ ಇದ್ದವರು ದಯವಿಟ್ಟು ಹಂಚಿಕೊಳ್ಳಿ.