ಆಸ್ಪತ್ರೆಯ ಔಷಧಾಲಯದಲ್ಲಿ ಗುಣಮಟ್ಟ ವಿಭಾಗದ ಕೆಲಸ: ಅದು ರೋಗಿಯವರೆಗೆ ತಲುಪುತ್ತದೆಯೇ?

ಪ್ರಶ್ನೆ – ಬಿ.ಫಾರ್ಮ ಪದವೀಧರೆ, ದಾವಣಗೆರೆ

ಮಾನ್ಯರೇ, ನಾನು ಬಿ.ಫಾರ್ಮ ಮುಗಿಸಿ ಎರಡು ವರ್ಷಗಳಿಂದ ಪಿ.ಜೆ. ಬಡಾವಣೆಯ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಹೊನ್ನಾಳಿ, ಜಗಳೂರು ಕಡೆಯಿಂದ ಬಸ್ಸಿಳಿದು ಬರುವ ಹಿರಿಯರಿಗೆ ಚೀಟಿಯಲ್ಲಿರುವ ಮಾತ್ರೆಗಳನ್ನು ಒಂದೊಂದಾಗಿ ತೋರಿಸಿ, ಯಾವುದನ್ನು ಊಟಕ್ಕೆ ಮೊದಲು, ಯಾವುದನ್ನು ಊಟವಾದ ಮೇಲೆ ನುಂಗಬೇಕೆಂದು ಬಿಡಿಸಿ ಹೇಳುವುದು ನನಗೆ ತುಂಬ ಇಷ್ಟವಾದ ಕೆಲಸ.

ಈಗ ನಗರದ ಒಂದು ಆಸ್ಪತ್ರೆಯವರು ತಮ್ಮ ಔಷಧಾಲಯದ ಗುಣಮಟ್ಟ ಮತ್ತು ನಿಯಮಪಾಲನೆಯ ಹುದ್ದೆಗೆ ನನ್ನನ್ನು ಕರೆದಿದ್ದಾರೆ. ಫ್ರಿಜ್‌ಗಳ ಉಷ್ಣತೆಯ ದಾಖಲೆ, ಅವಧಿ ಮುಗಿಯಲಿರುವ ಔಷಧಗಳ ಪಟ್ಟಿ, ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಕೆಲವು ಔಷಧಗಳ ಎಚ್‌1 ರಿಜಿಸ್ಟರ್, ಮಾರ್ಫಿನ್‌ನಂಥ ತೀವ್ರ ನೋವುನಿವಾರಕ ಔಷಧಗಳ ಲೆಕ್ಕ, ಔಷಧ ಕೊಡುವಲ್ಲಿ ಆದ ತಪ್ಪುಗಳ ವರದಿ, ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಪರಿಶೀಲನೆಗೆ ಬೇಕಾದ ಸಿದ್ಧತೆ – ಇಷ್ಟೂ ಆ ಹುದ್ದೆಗೆ ಸೇರಿದೆ. ಸಂಬಳ ಈಗಿನದಕ್ಕಿಂತ ಹೆಚ್ಚು. ಆದರೆ ನಮ್ಮ ತಂದೆಯವರು, "ರೋಗಿಯ ಮುಖವನ್ನೇ ನೋಡದ ಕೆಲಸಕ್ಕೆ ಇಷ್ಟು ಓದಬೇಕಿತ್ತೇ, ಗುಮಾಸ್ತಿಕೆಗೆ ಬಿ.ಕಾಂ. ಸಾಕಿತ್ತಲ್ಲವೇ" ಎಂದು ಕೇಳಿದರು. ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಈ ಕೆಲಸದಲ್ಲಿ ಇರುವವರು, ಅದರ ಫಲವನ್ನು ಹತ್ತಿರದಿಂದ ಕಂಡವರು ದಯವಿಟ್ಟು ನಿಜವನ್ನು ತಿಳಿಸಬೇಕು. ರಿಜಿಸ್ಟರಿನಲ್ಲಿ ಬರೆದದ್ದು ಯಾವ ದಾರಿಯಿಂದ ರೋಗಿಯನ್ನು ತಲುಪುತ್ತದೆ?

ಉತ್ತರ 1 – ಗುಣಮಟ್ಟ ಸಂಯೋಜಕಿ, ದಾವಣಗೆರೆ

ಹನ್ನೊಂದು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನಗೆ ಗೊತ್ತಿರುವ ಉತ್ತರ ಫ್ರಿಜ್ಜಿನಿಂದಲೇ ಆರಂಭವಾಗುತ್ತದೆ.

ಹೆರಿಗೆಯಾದ ಮೇಲೆ ರಕ್ತಸ್ರಾವ ಹೆಚ್ಚಾಗದಂತೆ ಬಾಣಂತಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ನಮ್ಮ ಊರಿನ ಏಪ್ರಿಲ್-ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಆ ಬಿಸಿಯಲ್ಲಿ ದಿನಗಟ್ಟಲೆ ಹೊರಗಿದ್ದ ಆಕ್ಸಿಟೋಸಿನ್ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ, ಆದರೆ ಅದರ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಆಂಪೂಲಿನ ಮೇಲಿನ ದಿನಾಂಕವೂ ಇನ್ನೂ ಮುಗಿದಿರುವುದಿಲ್ಲ. ನರ್ಸ್ ಸರಿಯಾದ ಪ್ರಮಾಣವನ್ನೇ ಕೊಡುತ್ತಾರೆ, ವೈದ್ಯರು ಸರಿಯಾದುದನ್ನೇ ಬರೆದಿರುತ್ತಾರೆ. ಆದರೂ ರಕ್ತ ನಿಲ್ಲದಿದ್ದಾಗ ಎಲ್ಲರೂ ಕೇಸು ಕಠಿಣವಾಯಿತೆಂದುಕೊಳ್ಳುತ್ತಾರೆಯೇ ಹೊರತು ಚುಚ್ಚುಮದ್ದನ್ನು ಅನುಮಾನಿಸುವುದಿಲ್ಲ. ಹೀಗೆ ಹಾಳಾದದ್ದನ್ನು ಹಾಸಿಗೆಯ ಪಕ್ಕದಲ್ಲಿ ನಿಂತ ಯಾರೂ ಕಂಡುಹಿಡಿಯಲಾರರು. ಮೂರು ದಿನ ಮೊದಲು ಫ್ರಿಜ್ಜಿನ ಉಷ್ಣತೆಯನ್ನು ನೋಡಿದವರು ಮಾತ್ರ ಕಂಡುಹಿಡಿಯಬಲ್ಲರು.

ತಂಪು ಹೆಚ್ಚಾದರೂ ಅಪಾಯವೇ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ. ಒಂದು ಭಾನುವಾರ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಒಂದು ಫ್ರಿಜ್ಜಿನ ಥರ್ಮೋಸ್ಟಾಟ್ ಕೆಟ್ಟು, ಒಳಗಿನ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಥರ್ಮಾಮೀಟರ್ 5 ಡಿಗ್ರಿ ತೋರಿಸುತ್ತಿತ್ತು, ಇನ್ಸುಲಿನ್ ಕೂಡ ನೋಡಲು ಚೆನ್ನಾಗಿಯೇ ಇತ್ತು. ರಾತ್ರಿಯಿಡೀ ತಾನಾಗಿ ದಾಖಲಿಸಿಕೊಳ್ಳುವ ಡೇಟಾ ಲಾಗರ್ ಇದ್ದುದರಿಂದ ನಡೆದದ್ದು ತಿಳಿಯಿತು, ಅಷ್ಟೂ ದಾಸ್ತಾನನ್ನು ಪ್ರತ್ಯೇಕಿಸಿ ಇಟ್ಟೆವು. ಆಡಳಿತದವರಿಗೆ ನಷ್ಟದ ಮೊತ್ತವನ್ನು ಹೇಳುವಾಗ ನನ್ನ ಧ್ವನಿ ನಡುಗಿದ್ದು ಇಂದಿಗೂ ನೆನಪಿದೆ. ಆದರೆ ಆ ವಾರ ಆ ಇನ್ಸುಲಿನ್ ಯಾರ ಮೈಗೂ ಹೋಗಲಿಲ್ಲ.

ಇನ್ನು ಬ್ಯಾಚ್ ನಂಬರಿನ ವಿಷಯ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಪ್ರಮಾಣಿತ ಗುಣಮಟ್ಟವಿಲ್ಲವೆಂದು ಕಂಡುಬಂದ ಔಷಧಗಳ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. ನಮ್ಮ ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿವೆ. ಆ ಪಟ್ಟಿಯನ್ನು ಓದಿ ನಮ್ಮ ದಾಸ್ತಾನಿನೊಂದಿಗೆ ತಾಳೆ ನೋಡುವುದು ಗುಣಮಟ್ಟ ವಿಭಾಗದ ಕೆಲಸ. 2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡು, ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂದಾಗ, ನಮ್ಮ ವಾರ್ಡುಗಳಲ್ಲಿದ್ದ ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದೇ ಪ್ರಶ್ನೆಯಿತ್ತು: ಅದು ನಮ್ಮಲ್ಲಿಯೂ ಇದೆಯೇ? ಖರೀದಿಯ ಬಿಲ್ಲಿನಿಂದ ವಾರ್ಡಿಗೆ ಕೊಟ್ಟ ಚೀಟಿಯವರೆಗೆ ತಯಾರಕರ ಹೆಸರು ಮತ್ತು ಬ್ಯಾಚ್ ನಂಬರನ್ನು ಬರೆದಿಟ್ಟಿದ್ದರಿಂದ "ಇಲ್ಲ" ಎಂದು ಹೇಳಲು ನಮಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಬರೆದಿಟ್ಟಿರದಿದ್ದರೆ ಆ ರಾತ್ರಿ ಒಂದೊಂದು ಬಾಟಲಿಯನ್ನೂ ತಿರುಗಿಸಿ ನೋಡಬೇಕಾಗುತ್ತಿತ್ತು, ಆಗಲೇ ಬಳಸಿ ಎಸೆದ ಬಾಟಲಿಗಳ ಬಗ್ಗೆ ಯಾರೂ ಏನೂ ಹೇಳಲಾಗುತ್ತಿರಲಿಲ್ಲ.

ಉತ್ತರ 2 – ಔಷಧ ಅಂಗಡಿಯ ಮಾಲೀಕ, ಚಳ್ಳಕೆರೆ

ಮೇಡಂ ಅವರು ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ಎಲ್ಲ ಕಡೆ ಹೀಗೆಯೇ ನಡೆಯುತ್ತದೆಂದು ಈ ಹುಡುಗಿ ನಂಬಿಬಿಡಬಾರದು. ಅಂಗಡಿ ಆರಂಭಿಸುವ ಮೊದಲು ನಾನು ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯ ಔಷಧಾಲಯದಲ್ಲಿದ್ದೆ. ಪರಿಶೀಲನೆಯವರು ಬರುತ್ತಾರೆಂದು ತಿಳಿದ ರಾತ್ರಿ ನಾಲ್ಕು ಜನ ಕುಳಿತು ಎರಡು ತಿಂಗಳ ಉಷ್ಣತೆಯನ್ನು ಒಂದೇ ಪೆನ್ನಿನಿಂದ ಬರೆದು ಮುಗಿಸಿದ್ದೆವು. ಎಲ್ಲ ದಿನವೂ 4 ಡಿಗ್ರಿ, ಎಲ್ಲ ದಿನವೂ ಒಂದೇ ಸಹಿ. ಅಂಥ ದಾಖಲೆ ಇಲ್ಲದೇ ಇರುವುದೇ ಮೇಲು, ಏಕೆಂದರೆ ಇಲ್ಲದಿದ್ದರೆ ಯಾರಾದರೂ ಹೋಗಿ ಫ್ರಿಜ್ ನೋಡಿಯಾದರೂ ನೋಡುತ್ತಾರೆ, ಬರೆದಿದ್ದರೆ ಯಾರೂ ನೋಡುವುದಿಲ್ಲ. ಆ ರಾತ್ರಿ ನಾನೂ ಬರೆದವರಲ್ಲಿ ಒಬ್ಬ ಎಂಬುದು ನನಗೆ ಈಗಲೂ ನೋವಿನ ವಿಷಯ. ಆದ್ದರಿಂದ ತಮ್ಮ ತಂದೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ತಾಯಿ. ಈ ಹುದ್ದೆ ಗುಮಾಸ್ತಿಕೆಯಾಗಿ ಬಿಡುವ ಆಸ್ಪತ್ರೆಗಳೂ ಇವೆ.

ಹಾಗೆಂದು ರಿಜಿಸ್ಟರ್ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದರ ಬೆಲೆ ನನಗೆ ಸ್ವಂತ ಅಂಗಡಿಯಲ್ಲಿ ತಿಳಿಯಿತು. 2014ರ ಮಾರ್ಚ್‌ನಿಂದ ಎಚ್‌1 ಪಟ್ಟಿಯ ಔಷಧಗಳನ್ನು ಮಾರುವಾಗ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇವಿಷ್ಟನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪಟ್ಟಿಯಲ್ಲಿ ಪ್ರಬಲವಾದ ಆ್ಯಂಟಿಬಯೋಟಿಕ್‌ಗಳ ಜೊತೆಗೆ ಕ್ಷಯರೋಗದ ಔಷಧಗಳೂ ಇವೆ. ಇಷ್ಟು ಬರೆಯುವುದು ಔಷಧ ಪರಿವೀಕ್ಷಕರಿಗಾಗಿ ಮಾತ್ರವೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. 2018ರಲ್ಲಿ ಬಂದ ಕೇಂದ್ರದ ಅಧಿಸೂಚನೆಯ ಪ್ರಕಾರ, ಕ್ಷಯರೋಗದ ಔಷಧ ಕೊಂಡವರ ವಿವರವನ್ನು ಔಷಧ ಅಂಗಡಿಯವರೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ನಮ್ಮಲ್ಲಿಗೆ ಒಬ್ಬ ಕೂಲಿ ಮಾಡುವ ಯುವಕ ಖಾಸಗಿ ವೈದ್ಯರ ಚೀಟಿ ಹಿಡಿದು, ಕೈಯಲ್ಲಿ ಹಣವಿದ್ದಷ್ಟು ದಿನಕ್ಕೆ ಮಾತ್ರ ಮಾತ್ರೆ ಕೊಳ್ಳುತ್ತಿದ್ದ. ಒಂದು ವಾರ ಬಂದರೆ ಮರುವಾರ ಬರುತ್ತಿರಲಿಲ್ಲ. ಕ್ಷಯದ ಮಾತ್ರೆಯನ್ನು ಹೀಗೆ ನಿಲ್ಲಿಸಿ ನಿಲ್ಲಿಸಿ ನುಂಗಿದರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ. ರಿಜಿಸ್ಟರಿನಲ್ಲಿ ಅವನ ಹೆಸರು ಬಿಟ್ಟು ಬಿಟ್ಟು ಬಂದದ್ದು ಕಣ್ಣಿಗೆ ಬಿದ್ದು ತಾಲ್ಲೂಕು ಆಸ್ಪತ್ರೆಗೆ ತಿಳಿಸಿದೆ. ಅವರು ಮನೆಗೆ ಹೋಗಿ ಹೆಸರು ನೋಂದಾಯಿಸಿಕೊಂಡರು. ಮಾತ್ರೆ ಉಚಿತವಾಯಿತು, ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ ಪೋಷಣ್ ಯೋಜನೆಯ ಹಣವೂ ಅವನ ಖಾತೆಗೆ ಬಂತು. ಆಗ ಅದು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ.

ಉತ್ತರ 3 – ಓದುಗ, ಚಿತ್ರದುರ್ಗ

ನಾನು ವೈದ್ಯಕೀಯ ಕ್ಷೇತ್ರದವನಲ್ಲ, ಶಾಲಾ ಶಿಕ್ಷಕ. ರೋಗಿಯ ಮನೆಯವನಾಗಿ ಕಂಡದ್ದನ್ನು ಹೇಳುತ್ತೇನೆ.

ನಮ್ಮ ತಾಯಿಯವರಿಗೆ ರುಮಟಾಯ್ಡ್ ಸಂಧಿವಾತವಿದೆ. ಅದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು, ಅದರ ದುಷ್ಪರಿಣಾಮ ಕಡಿಮೆಯಾಗಲು ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಬೇರೆ ದಿನ ಕೊಡುತ್ತಾರೆ. ನಮಗೆ ಸಿಕ್ಕಿದ್ದ ಎರಡೂ ಹಳದಿ ಬಣ್ಣದ ಚಿಕ್ಕ ಮಾತ್ರೆಗಳೇ. ಒಮ್ಮೆ ಔಷಧ ಕೊಟ್ಟವರು ಎರಡರ ಮೇಲೂ "ದಿನಕ್ಕೆ 1" ಎಂದು ಬರೆದುಕೊಟ್ಟರು. ಹತ್ತು ದಿನಗಳಲ್ಲಿ ಅಮ್ಮನ ಬಾಯೆಲ್ಲ ಹುಣ್ಣಾಗಿ ಗಂಜಿಯನ್ನೂ ನುಂಗಲಾರದಾದರು, ಜ್ವರ ಬಂತು, ರಕ್ತದಲ್ಲಿ ಬಿಳಿ ಕಣಗಳು ತೀರ ಇಳಿದಿದ್ದವು. ಎರಡು ವಾರ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡರು.

ನನ್ನನ್ನು ಇಲ್ಲಿ ಬರೆಯಲು ಪ್ರೇರೇಪಿಸಿದ್ದು ಆ ನಂತರ ನಡೆದದ್ದು. ಆಸ್ಪತ್ರೆಯ ಗುಣಮಟ್ಟ ವಿಭಾಗದ ಒಬ್ಬ ಮಹಿಳೆ ಬಂದು ಅಮ್ಮನ ಪಕ್ಕದಲ್ಲಿ ಒಂದು ತಾಸು ಕುಳಿತರು. ಯಾರ ತಪ್ಪೆಂದು ಕೇಳಲಿಲ್ಲ. ಚೀಟಿಯಲ್ಲಿ ಏನು ಬರೆದಿತ್ತು, ಕೌಂಟರಿನಲ್ಲಿ ಎಷ್ಟು ಜನ ನಿಂತಿದ್ದರು, ಕೊಟ್ಟವರು ಬಾಯಲ್ಲಿ ಏನು ಹೇಳಿದರು, ಅಮ್ಮನಿಗೆ ಅಕ್ಷರ ಓದಲು ಕನ್ನಡಕ ಬೇಕೇ, ಮನೆಯಲ್ಲಿ ಮಾತ್ರೆಗಳನ್ನು ಯಾವ ಡಬ್ಬಿಯಲ್ಲಿ ಇಡುತ್ತೀರಿ ಎಂದು ಒಂದೊಂದನ್ನೇ ಕೇಳಿ ಬರೆದುಕೊಂಡರು. ಮೂರು ತಿಂಗಳ ನಂತರ ಅದೇ ಔಷಧಾಲಯಕ್ಕೆ ಹೋದಾಗ ಮೆಥೊಟ್ರೆಕ್ಸೇಟನ್ನು ಬೇರೆ ಕಪಾಟಿನಲ್ಲಿ ಇಟ್ಟಿದ್ದರು. ನಾಲ್ಕು ವಾರಕ್ಕೆ ಆಗುವಷ್ಟೇ ಮಾತ್ರೆ ಕೊಟ್ಟರು, ಕವರಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ "ಸೋಮವಾರ ಮಾತ್ರ" ಎಂದು ಅಚ್ಚಾಗಿತ್ತು, ಇನ್ನೊಬ್ಬ ಫಾರ್ಮಸಿಸ್ಟ್ ಅದನ್ನು ಮತ್ತೊಮ್ಮೆ ನೋಡಿದ ನಂತರವೇ ನಮ್ಮ ಕೈಗೆ ಬಂತು. ಅಂದು ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರಿಗೂ ಅಂಥದೇ ಕವರು ಸಿಕ್ಕಿತು. ಏಕೆ ಹಾಗೆ ಅಚ್ಚಾಗಿದೆಯೆಂದು ಅವರಿಗೆ ತಿಳಿದಿರಲು ಸಾಧ್ಯವಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೇಷ್ಟ್ರ ಬರಹವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು, "ಅಂಥ ಕೆಲಸವಾದರೆ ಹೋಗು, ಚಳ್ಳಕೆರೆಯವರು ಹೇಳಿದಂಥ ಕೆಲಸವಾದರೆ ಬೇಡ" ಎಂದರು. ಗುರುವಾರ ಸಂದರ್ಶನವಿದೆ. ಆ ಆಸ್ಪತ್ರೆ ಎರಡರಲ್ಲಿ ಯಾವ ಬಗೆಯದೆಂದು ಒಂದು ಗಂಟೆಯೊಳಗೆ ತಿಳಿಯುವುದು ಹೇಗೆ?

ಉತ್ತರ 4 – ಗುಣಮಟ್ಟ ಸಂಯೋಜಕಿ, ದಾವಣಗೆರೆ

ಚಳ್ಳಕೆರೆಯ ಸರ್ ಬರೆದದ್ದು ಅಕ್ಷರಶಃ ನಿಜ, ಅದನ್ನು ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ್ದಕ್ಕೆ ಅವರಿಗೆ ನಮಸ್ಕಾರ.

ಔಷಧಾಲಯವನ್ನು ತೋರಿಸಿ ಎಂದು ಕೇಳಿ. ಯಾರೂ ಬೇಡವೆನ್ನುವುದಿಲ್ಲ. ಫ್ರಿಜ್ಜಿನ ಉಷ್ಣತೆಯ ಹಾಳೆಯಲ್ಲಿ ಅಂಕಿಗಳು ಏರಿಳಿದಿವೆಯೇ, ಬೇರೆ ಬೇರೆ ಕೈಬರಹವಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿಯಾದರೂ 9 ಅಥವಾ 10 ಎಂದು ಬರೆದು ಅದರ ಪಕ್ಕದಲ್ಲಿ ಏನು ಮಾಡಿದರೆಂದು ನಮೂದಿಸಿದ್ದಾರೆಯೇ ನೋಡಿ. ಏರುಪೇರಿಲ್ಲದ ಹಾಳೆಯನ್ನು ನಾನು ನಂಬುವುದಿಲ್ಲ. ಫ್ರಿಜ್ಜಿನೊಳಗೆ ಯಾರದೋ ನೀರಿನ ಬಾಟಲಿಯೋ ಊಟದ ಡಬ್ಬಿಯೋ ಕಂಡರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು.

ತಪ್ಪು ವರದಿ ಮಾಡಿದ ಸಿಬ್ಬಂದಿಗೆ ಏನಾಗುತ್ತದೆಂದು ನೇರವಾಗಿ ಕೇಳಿ. ಸಂಬಳ ಕಡಿತ, ಮೆಮೊ ಎಂದರೆ ಅಲ್ಲಿ ಯಾರೂ ವರದಿ ಮಾಡುವುದಿಲ್ಲ. ತಿಂಗಳಿಗೆ ಒಂದೂ ತಪ್ಪು ವರದಿಯಾಗದ ಆಸ್ಪತ್ರೆಯಲ್ಲಿ ತಪ್ಪುಗಳು ಆಗುತ್ತಿಲ್ಲವೆಂದಲ್ಲ, ಅವು ಕಾಣದಂತೆ ಮುಚ್ಚಿಹೋಗುತ್ತಿವೆ ಎಂದರ್ಥ. ಔಷಧದ ಅಡ್ಡಪರಿಣಾಮಗಳನ್ನು ದೇಶದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಕಳಿಸುತ್ತಾರೆಯೇ ಎಂದೂ ವಿಚಾರಿಸಿ. 2010ರಲ್ಲಿ ಆರಂಭವಾದ ಆ ಕಾರ್ಯಕ್ರಮದ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ನಲ್ಲಿದೆ, ಅದರ ಉಚಿತ ಸಹಾಯವಾಣಿ 1800-180-3024. ಈ ಸಂಖ್ಯೆ ಕೌಂಟರಿನ ಗೋಡೆಯ ಮೇಲೆ ಇದ್ದರೆ ಒಳ್ಳೆಯ ಸೂಚನೆ.

ಮಾರ್ಫಿನ್ ದಾಸ್ತಾನು ಇಡುತ್ತಾರೆಯೇ ಎಂಬುದನ್ನೂ ತಿಳಿದುಕೊಳ್ಳಿ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ಆದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಆದರೂ ಲೆಕ್ಕ ಬರೆಯುವ ಶ್ರಮಕ್ಕೆ ಹೆದರಿ ಅದರ ಗೋಜೇ ಬೇಡವೆನ್ನುವವರಿದ್ದಾರೆ. ಹಾಗೆ ಅಂದಲ್ಲಿ ಕ್ಯಾನ್ಸರ್‌ನ ಕೊನೆಯ ದಿನಗಳಲ್ಲಿರುವವರು ನೋವಿನಲ್ಲೇ ಮಲಗಿರುತ್ತಾರೆ. ಒಬ್ಬರು ಕುಳಿತು ಆ ರಿಜಿಸ್ಟರನ್ನು ಚೊಕ್ಕವಾಗಿ ನಡೆಸಿದರೆ ಆ ರೋಗಿಗಳಿಗೆ ರಾತ್ರಿ ನಿದ್ದೆ ಬರುತ್ತದೆ.

ಕೊನೆಯದಾಗಿ, ಅನುಮಾನ ಬಂದ ಬ್ಯಾಚನ್ನು ಯಾರ ಅನುಮತಿಗೂ ಕಾಯದೆ ತಡೆಹಿಡಿಯುವ ಅಧಿಕಾರ ಈ ಹುದ್ದೆಗೆ ಇದೆಯೇ ಎಂದು ಕೇಳಿ, ಅದನ್ನು ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಖರೀದಿ ವಿಭಾಗದ ಮುಖ್ಯಸ್ಥರ ಕೈಕೆಳಗೆ ನಿಮ್ಮನ್ನು ಇಡುವುದಾದರೆ ಒಪ್ಪಬೇಡಿ, ನಿಮ್ಮ ವರದಿ ವೈದ್ಯಕೀಯ ಅಧೀಕ್ಷಕರಿಗೆ ನೇರವಾಗಿ ಹೋಗಬೇಕು. ಒಪ್ಪಿಕೊಂಡು ಸೇರಿದರೆ, ವಾರಕ್ಕೆ ಎರಡು ಬಾರಿಯಾದರೂ ಒಂದೊಂದು ಗಂಟೆ ಕೌಂಟರಿನಲ್ಲಿ ನಿಲ್ಲಲು ಅವಕಾಶ ಕೇಳಿ. ನಾನು ಈಗಲೂ ನಿಲ್ಲುತ್ತೇನೆ. ಜಗಳೂರಿನಿಂದ ಬಂದವರು ಕವರಿನ ಮೇಲಿನ ಅಕ್ಷರವನ್ನು ಓದಲು ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡುವುದು ಕಂಡರೆ, ಮರುದಿನ ಆ ಅಕ್ಷರವನ್ನು ದೊಡ್ಡದು ಮಾಡಿಸಬಹುದು.